ಒಂದೇ ಸಿಲಿಂಡರ್, ಇಬ್ಬರು ಮಾಲೀಕರು: ಜೆಡ್/ವಿಎಂನಲ್ಲಿ ಮಿನಿಡಿಸ್ಕ್ ಜಾಗದ ಲೆಕ್ಕ

ಮಾನ್ಯತಾ ಟೆಕ್ ಪಾರ್ಕ್, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಆಫೀಸುಗಳಲ್ಲಿ ಕೂತು ಯಾವುದೋ ದೇಶದ ಮೇನ್‌ಫ್ರೇಮ್ ನೋಡಿಕೊಳ್ಳುವವರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಕಾಲೇಜಿನಲ್ಲಿ ಲಿನಕ್ಸ್ ಕಲಿತು ಬಂದವರು. ಅವರಿಗೆ ಡಿಸ್ಕ್ ಜಾಗ ಅಂದರೆ ಒಂದು ಕಮಾಂಡ್ ಕೊಟ್ಟು ಕೇಳುವ ವಸ್ತು. ಖಾಲಿ ಇರುವ ಕಡೆ ಸಿಸ್ಟಮ್ಮೇ ಹುಡುಕಿ ಕೊಡುತ್ತದೆ. ಇನ್ನೊಬ್ಬರ ಜಾಗದ ಮೇಲೆ ನಮ್ಮ ಜಾಗ ಬೀಳಬಹುದು ಎಂಬ ಯೋಚನೆಯೇ ಬರುವುದಿಲ್ಲ.

ಜೆಡ್/ವಿಎಂನಲ್ಲಿ, ಅಂದರೆ ಮೇನ್‌ಫ್ರೇಮ್ ಎಂಬ ಒಂದೇ ದೊಡ್ಡ ಕಂಪ್ಯೂಟರನ್ನು ಹಲವು ವರ್ಚುವಲ್ ಮಷೀನ್‌ಗಳಾಗಿ (ಸಾಫ್ಟ್‌ವೇರ್ ಒಳಗಿನ ಕಂಪ್ಯೂಟರ್‌ಗಳಾಗಿ) ಹಂಚುವ ಐಬಿಎಂನ ಸಿಸ್ಟಮ್‌ನಲ್ಲಿ, ಅದು ಬೀಳಬಹುದು. ಎರಡು ವರ್ಚುವಲ್ ಮಷೀನ್‌ಗಳಿಗೆ ಒಂದೇ ಸಿಲಿಂಡರ್ (ಡಿಸ್ಕ್ ಜಾಗವನ್ನು ಅಳೆಯುವ ಒಂದು ಭಾಗ) ಬರೆದುಕೊಟ್ಟರೆ ಸಿಸ್ಟಮ್ ಬೇಡ ಅನ್ನುವುದಿಲ್ಲ. ಯಾವ ಎರರ್ ಮೆಸೇಜೂ ಬರುವುದಿಲ್ಲ. ಇದು ಯಾಕೆ ಹೀಗೆ, ಹಾನಿ ಹೇಗೆ ಆಗುತ್ತದೆ, ಮೊದಲೇ ಹಿಡಿಯುವುದು ಹೇಗೆ ಎಂಬುದನ್ನು ನಿಧಾನವಾಗಿ ನೋಡೋಣ.

ಮಿನಿಡಿಸ್ಕ್ ಎಂದರೆ ಏನು

ಐಬಿಎಂ ತನ್ನ ವಿಎಂ/370 ಪ್ರಕಟಿಸಿದ್ದು 1972ರ ಆಗಸ್ಟ್ 2ರಂದು. ಅದಕ್ಕೂ ಮೊದಲು ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂನ ವಿಜ್ಞಾನ ಕೇಂದ್ರದಲ್ಲಿ ಸಿಪಿ-40, ಸಿಪಿ-67 ಎಂಬ ಹೆಸರಿನಲ್ಲಿ ಈ ಕೆಲಸ ನಡೆದಿತ್ತು. ಒಂದೇ ದೊಡ್ಡ ಯಂತ್ರವನ್ನು ಹಲವು ಜನರಿಗೆ ಹಂಚಬೇಕು, ಒಬ್ಬೊಬ್ಬರಿಗೂ ಇಡೀ ಯಂತ್ರ ತಮ್ಮದೇ ಅನಿಸಬೇಕು ಎಂಬುದು ಅದರ ಗುರಿ. ಆಗ ಡಿಸ್ಕ್ ತುಂಬಾ ದುಬಾರಿ. ಒಬ್ಬೊಬ್ಬರಿಗೆ ಒಂದೊಂದು ಡಿಸ್ಕ್ ಕೊಡುವುದು ಆಗದ ಮಾತು. ಹಾಗಾಗಿ ಒಂದು ಡಿಸ್ಕನ್ನು ತುಂಡು ಮಾಡಿ ಕೊಟ್ಟರು. ಆ ತುಂಡೇ ಮಿನಿಡಿಸ್ಕ್. ಇವತ್ತಿನ ಜೆಡ್/ವಿಎಂನಲ್ಲೂ ಅದೇ ಪದ್ಧತಿ ನಡೆಯುತ್ತಿದೆ.

ಜಾಗದ ಅಳತೆ ಸಿಲಿಂಡರ್‌ನಲ್ಲಿ. ಈಗಲೂ ಎಲ್ಲರೂ ಲೆಕ್ಕ ಹಾಕುವುದು 3390 ಎಂಬ ಡಿಸ್ಕಿನ ಅಳತೆಯಲ್ಲಿ. ಆ ಹೆಸರಿನ ನಿಜವಾದ ಡಿಸ್ಕ್ ಯಾವ ಹೊಸ ಡೇಟಾ ಸೆಂಟರಿನಲ್ಲೂ ಇಲ್ಲ. ಡಿಎಸ್8000 ತರಹದ ಸ್ಟೋರೇಜ್ ಯಂತ್ರಗಳು ಅದರಂತೆ ವೇಷ ಹಾಕುತ್ತವೆ. ಒಂದು ಸಿಲಿಂಡರ್‌ನಲ್ಲಿ 15 ಟ್ರ್ಯಾಕ್. ಒಂದು ಟ್ರ್ಯಾಕ್‌ನಲ್ಲಿ 56,664 ಬೈಟ್. ಗುಣಿಸಿದರೆ ಸಿಲಿಂಡರ್‌ಗೆ 8,49,960 ಬೈಟ್. ಆದರೆ ಸಿಎಂಎಸ್ (ಜೆಡ್/ವಿಎಂ ಜೊತೆ ಬರುವ, ಒಬ್ಬ ಬಳಕೆದಾರರಿಗೆಂದು ಮಾಡಿದ ಸಣ್ಣ ಆಪರೇಟಿಂಗ್ ಸಿಸ್ಟಮ್) 4 ಕೆಬಿ ಬ್ಲಾಕ್‌ನಲ್ಲಿ ಫಾರ್ಮ್ಯಾಟ್ ಮಾಡಿದಾಗ ಟ್ರ್ಯಾಕ್‌ಗೆ 12 ಬ್ಲಾಕ್ ಮಾತ್ರ ಹಿಡಿಯುತ್ತವೆ. ಅಂದರೆ ಸಿಲಿಂಡರ್‌ಗೆ 180 ಬ್ಲಾಕ್, ಕೈಗೆ ಸಿಗುವುದು 720 ಕೆಬಿ. ಮಾಡೆಲ್ 3ರಲ್ಲಿ 3,339 ಸಿಲಿಂಡರ್, ಮಾಡೆಲ್ 9ರಲ್ಲಿ 10,017. ಎಣಿಕೆ ಶುರುವಾಗುವುದು ಸೊನ್ನೆಯಿಂದ. ಹಾಗಾಗಿ ಮಾಡೆಲ್ 9ರ ಕೊನೆಯ ಸಿಲಿಂಡರ್‌ನ ನಂಬರ್ 10016.

ಯಾರಿಗೆ ಎಷ್ಟು ಜಾಗ ಎಂಬುದು ಬರೆದಿರುವುದು ಯೂಸರ್ ಡೈರೆಕ್ಟರಿ ಎಂಬ ಫೈಲಿನಲ್ಲಿ. ಅದರಲ್ಲಿ ಪ್ರತಿ ವರ್ಚುವಲ್ ಮಷೀನಿನ ಹೆಸರಿನ ಕೆಳಗೆ ಇಂಥ ಸಾಲು ಇರುತ್ತದೆ:

ಎಂಡಿಸ್ಕ್ 191 3390 3101 200 ಯುಎಸ್‌ಆರ್001 ಎಂಆರ್

ಇದನ್ನು ಓದುವುದು ಸುಲಭ. ಈ ಮಷೀನಿಗೆ 191 ಎಂಬ ಹೆಸರಿನಲ್ಲಿ ಒಂದು ಡಿಸ್ಕ್ ಕಾಣಬೇಕು. ಅದು 3390 ಜಾತಿಯದು. ಯುಎಸ್‌ಆರ್001 ಎಂಬ ವಾಲ್ಯೂಮಿನಲ್ಲಿ (ಹೆಸರಿಟ್ಟ ಒಂದು ಪೂರ್ತಿ ಡಿಸ್ಕ್) 3101ನೇ ಸಿಲಿಂಡರ್‌ನಿಂದ ಶುರು, ಒಟ್ಟು 200 ಸಿಲಿಂಡರ್. ಕೊನೆಯಲ್ಲಿರುವುದು ಯಾವ ರೀತಿ ತೆರೆಯಬೇಕು ಎಂಬ ಮೋಡ್.

ಈ ಸಾಲಿನಲ್ಲಿ ಶುರು ಇದೆ, ಉದ್ದ ಇದೆ. ಕೊನೆ ಎಲ್ಲಿ ಎಂಬುದು ಇಲ್ಲ. ಅದನ್ನು ನಾವೇ ಲೆಕ್ಕ ಹಾಕಬೇಕು: ಶುರುವಿಗೆ ಉದ್ದ ಕೂಡಿಸಿ ಒಂದು ಕಳೆಯಬೇಕು. 3101 ಕೂಡಿಸು 200, ಕಳೆ 1, ಅಂದರೆ 3300. ಮುಂದಿನ ಮಿನಿಡಿಸ್ಕ್ 3301ರಿಂದ ಶುರುವಾಗಬಹುದು. ಈ ಒಂದನ್ನು ಕಳೆಯುವುದರಲ್ಲೇ ಎಷ್ಟೋ ತಪ್ಪು ಹುಟ್ಟುತ್ತವೆ. ಡೈರೆಕ್ಟರಿಯಲ್ಲಿ ಸಾಲುಗಳು ಮಷೀನಿನ ಹೆಸರಿನ ಪ್ರಕಾರ ಇರುತ್ತವೆಯೇ ಹೊರತು ಡಿಸ್ಕಿನ ಮೇಲಿನ ಕ್ರಮದಲ್ಲಿ ಅಲ್ಲ. ಪಕ್ಕಪಕ್ಕದ ಎರಡು ಮಿನಿಡಿಸ್ಕ್‌ಗಳ ಸಾಲುಗಳ ನಡುವೆ ಫೈಲಿನಲ್ಲಿ ಸಾವಿರ ಸಾಲು ಇರಬಹುದು. ಕಣ್ಣಲ್ಲಿ ನೋಡಿ ಹಿಡಿಯುತ್ತೇನೆ ಅನ್ನುವುದು ಆಗದ ಕೆಲಸ.

ಸಿಪಿ ಕಾವಲು ಕಾಯುತ್ತದೆ, ದಾಖಲೆ ಪರಿಶೀಲಿಸುವುದಿಲ್ಲ

ಹೊಸಬರು ಕೇಳುವ ಮೊದಲ ಪ್ರಶ್ನೆ ಇದೇ: "ಸಾರ್, ಸಿಪಿ ಯಾಕೆ ತಡೆಯಲಿಲ್ಲ?" ನ್ಯಾಯವಾದ ಪ್ರಶ್ನೆ. ಸಿಪಿ ಅಂದರೆ ಕಂಟ್ರೋಲ್ ಪ್ರೋಗ್ರಾಮ್, ಜೆಡ್/ವಿಎಂನ ಹೃದಯ. ವರ್ಚುವಲ್ ಮಷೀನ್‌ಗಳನ್ನು ಒಂದರಿಂದ ಒಂದು ಬೇರೆ ಇಡುವುದರಲ್ಲಿ ಅದಕ್ಕೆ ದೊಡ್ಡ ಹೆಸರು.

ಅದು ಮಾಡುವ ಕೆಲಸ ನೋಡಿ. ವರ್ಚುವಲ್ ಮಷೀನ್ ತನ್ನ ಡಿಸ್ಕಿನ ಸೊನ್ನೆಯ ಸಿಲಿಂಡರ್ ಕೇಳುತ್ತದೆ. ಸಿಪಿ ಡೈರೆಕ್ಟರಿಯ ಪ್ರಕಾರ ಅದಕ್ಕೆ 3101 ಕೂಡಿಸಿ ನಿಜವಾದ ಡಿಸ್ಕಿನಲ್ಲಿ 3101ಕ್ಕೆ ಹೋಗುತ್ತದೆ. ಮಷೀನ್ 200ನೇ ಸಿಲಿಂಡರ್ ಕೇಳಿದರೆ ಕೊಡುವುದಿಲ್ಲ, ಯಾಕಂದರೆ ಅದರ ಎಣಿಕೆ 199ಕ್ಕೆ ಮುಗಿಯಿತು. ಈ ಕಾವಲು ಬಹಳ ಬಿಗಿ. ಒಳಗಿರುವ ಪ್ರೋಗ್ರಾಮ್ ಎಷ್ಟೇ ಕೆಟ್ಟದಾಗಿ ನಡೆದುಕೊಂಡರೂ ತನ್ನ ಗಡಿ ದಾಟಲಾರದು.

ಆದರೆ ಗಡಿ ಎಲ್ಲಿದೆ ಎಂದು ಸಿಪಿಗೆ ಹೇಳಿದ್ದು ಡೈರೆಕ್ಟರಿ. ಇಬ್ಬರ ಗಡಿ ಒಂದರ ಮೇಲೊಂದು ಬಿದ್ದಿದ್ದರೆ ಸಿಪಿ ಇಬ್ಬರನ್ನೂ ಅವರವರ ಗಡಿಯೊಳಗೆ ನಿಷ್ಠೆಯಿಂದ ಬಿಡುತ್ತದೆ. ಬೆಂಗಳೂರಿನಲ್ಲಿ ಒಂದೇ ಸೈಟು ಇಬ್ಬರ ಹೆಸರಿಗೆ ರಿಜಿಸ್ಟರ್ ಆದ ಕಥೆ ಕೇಳದವರು ಯಾರಿದ್ದಾರೆ? ಇಬ್ಬರ ಕೈಯಲ್ಲೂ ಸರಿಯಾದ ಪತ್ರ ಇರುತ್ತದೆ, ಇಬ್ಬರೂ ಕಾಂಪೌಂಡ್ ಕಟ್ಟಲು ಬರುತ್ತಾರೆ, ಗೇಟಿನ ಕಾವಲುಗಾರ ಪತ್ರ ನೋಡಿ ಇಬ್ಬರನ್ನೂ ಒಳಗೆ ಬಿಡುತ್ತಾನೆ. ಇಲ್ಲಿ ಆಗುವುದೂ ಅದೇ.

ಡೈರೆಕ್ಟರಿಯನ್ನು ಸಿಸ್ಟಮ್‌ಗೆ ಹತ್ತಿಸುವ ಕಮಾಂಡ್ ಡೈರೆಕ್ಟ್‌ಎಕ್ಸ್‌ಎ. ಅದು ಸಾಲುಗಳ ವ್ಯಾಕರಣ ನೋಡುತ್ತದೆ. ಪದ ತಪ್ಪಿದ್ದರೆ, ಇರಬೇಕಾದ ಸಂಖ್ಯೆ ಇಲ್ಲದಿದ್ದರೆ ಹೇಳುತ್ತದೆ. ಈ ಮಿನಿಡಿಸ್ಕ್ ಆ ಮಿನಿಡಿಸ್ಕಿನ ಮೇಲೆ ಬಿದ್ದಿದೆ ಎಂದು ಹೇಳುವುದು ಅದರ ಕೆಲಸವೇ ಅಲ್ಲ. ಹಾಗಾಗಿ ಡೈರೆಕ್ಟ್‌ಎಕ್ಸ್‌ಎ ತಪ್ಪಿಲ್ಲದೆ ಮುಗಿಯಿತು ಅಂದರೆ ಜಾಗದ ಲೆಕ್ಕ ಸರಿ ಇದೆ ಎಂದು ಅರ್ಥ ಅಲ್ಲ. ಈ ಒಂದು ಮಾತು ಅರ್ಥ ಆದರೆ ಅರ್ಧ ಅಪಾಯ ಕಡಿಮೆ ಆಗುತ್ತದೆ.

ಮೋಡ್ ಇದೆಯಲ್ಲ, ಅದು ಕಾಪಾಡುವುದಿಲ್ಲವೇ ಎಂದು ಕೇಳಬಹುದು. ಎಂಆರ್ ಎಂಬ ಮೋಡ್ ಒಂದು ಮಿನಿಡಿಸ್ಕಿಗೆ ಒಂದು ಸಲಕ್ಕೆ ಒಬ್ಬರೇ ಬರೆಯುವಂತೆ ನೋಡಿಕೊಳ್ಳುತ್ತದೆ. ಎಂಡಬ್ಲ್ಯೂ ಕೊಟ್ಟರೆ ಹಲವರು ಬರೆಯಬಹುದು. ಆದರೆ ಇವೆಲ್ಲ ಒಂದೇ ಮಿನಿಡಿಸ್ಕನ್ನು ಇಬ್ಬರು ಹಂಚಿಕೊಳ್ಳುವಾಗಿನ ನಿಯಮ. ಬೇರೆ ಶುರು, ಬೇರೆ ಉದ್ದ ಇರುವ ಎರಡು ಮಿನಿಡಿಸ್ಕ್ ಸ್ವಲ್ಪ ಸ್ವಲ್ಪ ಮೈ ಮೇಲೆ ಬಿದ್ದಿದ್ದರೆ ಮೋಡ್ ನಂಬಿಕೊಂಡು ಕೂರಬಾರದು.

ಹಾನಿ ತಡವಾಗಿ ಕಾಣುತ್ತದೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಯುಎಸ್‌ಆರ್001 ಒಂದು ಮಾಡೆಲ್ 9. ಅದರ ಮೇಲೆ ಒಂದು ಲಿನಕ್ಸ್ ಮಷೀನಿನ ಡಿಸ್ಕ್ 101ರಿಂದ ಶುರುವಾಗಿ 3,000 ಸಿಲಿಂಡರ್ ಇದೆ. ಅಂದರೆ 3100ಕ್ಕೆ ಮುಗಿಯಿತು. ನಾವು ಮೇಲೆ ನೋಡಿದ 200 ಸಿಲಿಂಡರ್‌ನ ಸಿಎಂಎಸ್ ಡಿಸ್ಕ್ 3101ರಿಂದ 3300ರವರೆಗೆ. ಆಮೇಲೆ 4000ದವರೆಗೆ ಖಾಲಿ. 4001ರಿಂದ 5000 ಇನ್ನೊಬ್ಬರದು. ಆಚೆ ಕೊನೆಯವರೆಗೆ ಖಾಲಿ.

ಲಿನಕ್ಸ್ ತಂಡ ಜಾಗ ಸಾಲದು ಅಂತ ಟಿಕೆಟ್ ಹಾಕಿತು. ಯಾರೋ ಅವಸರದಲ್ಲಿ ಡೈರೆಕ್ಟರಿ ತೆರೆದು 3000 ಇದ್ದದ್ದನ್ನು 3100 ಮಾಡಿದರು. ವಾಲ್ಯೂಮಿನಲ್ಲಿ 5,700ಕ್ಕೂ ಜಾಸ್ತಿ ಸಿಲಿಂಡರ್ ಖಾಲಿ ಇದೆ ಎಂಬುದು ಅವರಿಗೆ ಗೊತ್ತಿತ್ತು. ಆ ಖಾಲಿ ಜಾಗ ಪಕ್ಕದಲ್ಲೇ ಇಲ್ಲ ಎಂಬುದನ್ನು ನೋಡಲಿಲ್ಲ. ಈಗ ಲಿನಕ್ಸ್ ಡಿಸ್ಕ್ 3200ರವರೆಗೆ ಹೋಯಿತು. 3101ರಿಂದ 3200, ಅಂದರೆ 100 ಸಿಲಿಂಡರ್, 1,500 ಟ್ರ್ಯಾಕ್, ಇಬ್ಬರಿಗೂ ಸೇರಿತು.

ಆ ಕ್ಷಣ ಏನೂ ಆಗುವುದಿಲ್ಲ. ಲಾಗಾನ್ ಆಗಿರುವ ಮಷೀನಿಗೆ ಹಳೆಯ ಅಳತೆಯೇ ಇರುತ್ತದೆ. ಹೊಸ ಅಳತೆ ಸಿಗುವುದು ಮುಂದಿನ ಲಾಗಾನ್ ಅಥವಾ ಲಿಂಕ್ (ಮಿನಿಡಿಸ್ಕನ್ನು ಮಷೀನಿಗೆ ಜೋಡಿಸುವುದು) ಆದಾಗ. ಆಗಲೂ ಲಿನಕ್ಸ್ ಆ ಹೆಚ್ಚಿನ ಸಿಲಿಂಡರ್‌ಗಳನ್ನು ಬಳಸಲು ಹೋಗುವವರೆಗೆ ಎಲ್ಲ ಶಾಂತವಾಗಿರುತ್ತದೆ. ಬದಲಾವಣೆಗೂ ತೊಂದರೆಗೂ ನಡುವೆ ವಾರಗಳೇ ಕಳೆಯಬಹುದು. ಅಷ್ಟರಲ್ಲಿ ಆ ಟಿಕೆಟ್ ಮುಚ್ಚಿ, ಎಲ್ಲರೂ ಮರೆತಿರುತ್ತಾರೆ.

ಒಂದು ದಿನ ಲಿನಕ್ಸ್ ತಂಡ ಹೊಸ ಜಾಗವನ್ನು ಫಾರ್ಮ್ಯಾಟ್ ಮಾಡುತ್ತದೆ. ಈ ಡಿಸ್ಕಿನ ಬಾಲ ಅಂದರೆ ಆ ಡಿಸ್ಕಿನ ತಲೆ ಎಂಬುದನ್ನು ಗಮನಿಸಿ. ಲಿನಕ್ಸ್‌ಗೆ ಅದು ಇನ್ನೂ ಏನೂ ಇಲ್ಲದ ಕೊನೆಯ ಭಾಗ. ಸಿಎಂಎಸ್ ಮಷೀನಿಗೆ ಅದು ಡಿಸ್ಕಿನ ಲೇಬಲ್ ಇರುವ ಜಾಗ, ಫೈಲುಗಳ ಪಟ್ಟಿ ಎಲ್ಲಿದೆ ಎಂದು ಹೇಳುವ ಜಾಗ. ಅತಿ ಮುಖ್ಯವಾದದ್ದೇ ಮೊದಲು ಹೋಗುತ್ತದೆ.

ಇಷ್ಟಾದರೂ ಸಿಎಂಎಸ್ ಬಳಸುವವರಿಗೆ ಕೂಡಲೇ ಗೊತ್ತಾಗದೇ ಇರಬಹುದು. ಸಿಎಂಎಸ್ ಡಿಸ್ಕನ್ನು ಆಕ್ಸೆಸ್ ಮಾಡುವಾಗಲೇ ಫೈಲುಗಳ ಪಟ್ಟಿಯನ್ನು ಮೆಮೊರಿಗೆ ತಂದುಕೊಂಡಿರುತ್ತದೆ. ಪಟ್ಟಿ ಕೇಳಿದರೆ ಎಲ್ಲ ಫೈಲೂ ಇದ್ದಂತೆ ಕಾಣುತ್ತದೆ. ಅವರು ಒಂದು ಫೈಲ್ ಉಳಿಸಿದರೆ ಸಿಎಂಎಸ್ ಹೊಸ ಪಟ್ಟಿಯನ್ನು ಡಿಸ್ಕಿಗೆ ಬರೆಯುತ್ತದೆ. ಅದು ಹೋಗಿ ಬೀಳುವುದು ಈಗ ಲಿನಕ್ಸ್ ಫೈಲ್‌ಸಿಸ್ಟಮ್ ಇರುವ ಜಾಗದ ಮೇಲೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕೆಡಿಸುತ್ತಾ ಹೋಗುತ್ತಾರೆ. ಕೊನೆಗೆ ಇಬ್ಬರೂ ಬೇರೆ ಬೇರೆ ತಂಡಕ್ಕೆ ಬೇರೆ ಬೇರೆ ದೂರು ಕೊಡುತ್ತಾರೆ. ಒಬ್ಬರು ಫೈಲ್‌ಸಿಸ್ಟಮ್ ಎರರ್ ಅನ್ನುತ್ತಾರೆ, ಇನ್ನೊಬ್ಬರು ಡಿಸ್ಕ್ ಆಕ್ಸೆಸ್ ಆಗುತ್ತಿಲ್ಲ ಅನ್ನುತ್ತಾರೆ. ಎರಡೂ ಒಂದೇ ತೊಂದರೆ ಎಂದು ಹೊಳೆಯುವುದಕ್ಕೆ ಸಮಯ ಬೇಕು. ಸಂಬಂಧ ಇಲ್ಲದ ಎರಡು ಮಷೀನ್ ಒಂದೇ ವಾಲ್ಯೂಮಿನ ಮೇಲೆ ಒಟ್ಟಿಗೆ ಕೆಟ್ಟರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಡಿಸ್ಕ್‌ಮ್ಯಾಪ್

ಇದನ್ನು ಹಿಡಿಯಲು ಜೆಡ್/ವಿಎಂನಲ್ಲೇ ಒಂದು ಉಪಕರಣ ಇದೆ: ಡಿಸ್ಕ್‌ಮ್ಯಾಪ್. ಡೈರೆಕ್ಟರಿ ಫೈಲಿನ ಹೆಸರು ಕೊಟ್ಟು ಓಡಿಸಿದರೆ ಸಾಕು. ಅದು ಎಲ್ಲ ಎಂಡಿಸ್ಕ್ ಸಾಲುಗಳನ್ನು ಆರಿಸಿ, ವಾಲ್ಯೂಮ್ ಪ್ರಕಾರ, ಸಿಲಿಂಡರ್ ಕ್ರಮದಲ್ಲಿ ಜೋಡಿಸಿ ಇನ್ನೊಂದು ಫೈಲ್ ಬರೆಯುತ್ತದೆ. ಶುರು, ಕೊನೆ, ಉದ್ದ ಮೂರೂ ಅಲ್ಲಿ ಕಾಣುತ್ತವೆ. ನಡುವೆ ಖಾಲಿ ಇದ್ದರೆ ಗ್ಯಾಪ್ ಎಂದು, ಮೈ ಮೇಲೆ ಬಿದ್ದಿದ್ದರೆ ಓವರ್‌ಲ್ಯಾಪ್ ಎಂದು ಗುರುತು ಹಾಕುತ್ತದೆ. ನಮ್ಮ ಉದಾಹರಣೆಯ ಡೈರೆಕ್ಟರಿಯನ್ನು ಹತ್ತಿಸುವ ಮೊದಲು ಡಿಸ್ಕ್‌ಮ್ಯಾಪ್ ಓಡಿಸಿದ್ದರೆ ಆ 100 ಸಿಲಿಂಡರ್ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು.

ಕ್ರಮ ಹೀಗಿರಲಿ ಎಂಬುದು ನನ್ನ ಒತ್ತಾಯ. ಡೈರೆಕ್ಟರಿ ತಿದ್ದಿ. ಡಿಸ್ಕ್‌ಮ್ಯಾಪ್ ಓಡಿಸಿ, ಹಳೆಯ ವರದಿಯ ಜೊತೆ ಹೋಲಿಸಿ. ಡೈರೆಕ್ಟ್‌ಎಕ್ಸ್‌ಎಯನ್ನು ಎಡಿಟ್ ಆಯ್ಕೆಯಲ್ಲಿ ಓಡಿಸಿ. ಆಗ ಅದು ಬರೀ ಪರೀಕ್ಷೆ ಮಾಡುತ್ತದೆ, ಏನನ್ನೂ ಬದಲಾಯಿಸುವುದಿಲ್ಲ. ಎಲ್ಲ ಸರಿ ಇದ್ದರೆ ಮಾತ್ರ ನಿಜವಾಗಿ ಹತ್ತಿಸಿ. ಒಂದು ಸಿಲಿಂಡರ್ ಬದಲಾವಣೆ ಆದರೂ ಇದೇ ಕ್ರಮ. ಸಣ್ಣ ಬದಲಾವಣೆ ಅಂತ ಸುಮ್ನೆ ಬಿಟ್ಟಾಗಲೇ ಇಂಥದ್ದು ಆಗುವುದು.

ವರದಿ ಓದುವಾಗ ಒಂದು ತೊಡಕು ಬರುತ್ತದೆ. ಕೆಲವು ಓವರ್‌ಲ್ಯಾಪ್ ಬೇಕು ಅಂತಲೇ ಮಾಡಿದವು. ಮೇಂಟ್ ಎಂಬ ಆಡಳಿತದ ಮಷೀನಿಗೆ ಸಿಸ್ಟಮ್ ಡಿಸ್ಕುಗಳು ಪೂರ್ತಿಯಾಗಿ, ಸೊನ್ನೆಯಿಂದ ಕೊನೆಯವರೆಗೆ, 123 ತರಹದ ಹೆಸರಿನಲ್ಲಿ ಕಾಣುವಂತೆ ಕೊಟ್ಟಿರುತ್ತಾರೆ. ಇದನ್ನು ಫುಲ್‌ಪ್ಯಾಕ್ ಮಿನಿಡಿಸ್ಕ್ ಅನ್ನುತ್ತಾರೆ. ಬ್ಯಾಕಪ್‌ಗೆ, ದುರಸ್ತಿಗೆ ಇದು ಬೇಕೇ ಬೇಕು. ಅದು ಆ ವಾಲ್ಯೂಮಿನ ಎಲ್ಲ ಮಿನಿಡಿಸ್ಕಿನ ಮೇಲೂ ಬಿದ್ದಿರುತ್ತದೆ, ಹಾಗಾಗಿ ವರದಿಯಲ್ಲಿ ಅದೂ ಓವರ್‌ಲ್ಯಾಪ್. ಇಂಥವೇ ಜಾಸ್ತಿ ಇದ್ದರೆ ನಿಜವಾದ ತಪ್ಪು ಅದರ ನಡುವೆ ಮುಚ್ಚಿಹೋಗುತ್ತದೆ. "ಅಯ್ಯೋ, ಆ ವರದಿಯಲ್ಲಿ ಯಾವಾಗಲೂ ಓವರ್‌ಲ್ಯಾಪ್ ಇದ್ದೇ ಇರುತ್ತೆ ಬಿಡಿ" ಎಂಬ ಮಾತು ತಂಡದಲ್ಲಿ ಶುರುವಾದರೆ ಆ ವರದಿ ಇದ್ದೂ ಇಲ್ಲದಂತೆ. ಒಪ್ಪಿಕೊಂಡ ಓವರ್‌ಲ್ಯಾಪ್‌ಗಳ ಒಂದು ಪಟ್ಟಿ ಇಟ್ಟುಕೊಳ್ಳಿ. ರೆಕ್ಸ್ ಎಂಬ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದು ಅವನ್ನು ತೆಗೆದು ಉಳಿದದ್ದನ್ನು ಮಾತ್ರ ತೋರಿಸುವಂತೆ ಮಾಡಿ. ಉಳಿದದ್ದು ಸೊನ್ನೆ ಆಗಿರಬೇಕು.

ಕೆಲವರು ಒಂದೇ ಡಿಸ್ಕನ್ನು ಇಬ್ಬರಿಗೆ ಕೊಡಬೇಕಾದಾಗ ಎಂಡಿಸ್ಕ್ ಸಾಲನ್ನೇ ನಕಲು ಮಾಡಿ ಎರಡೂ ಕಡೆ ಹಾಕುತ್ತಾರೆ. ದಯವಿಟ್ಟು ಬೇಡ. ಒಬ್ಬರ ಹೆಸರಿನಲ್ಲಿ ಎಂಡಿಸ್ಕ್ ಇರಲಿ, ಇನ್ನೊಬ್ಬರಿಗೆ ಲಿಂಕ್ ಸಾಲು ಕೊಡಿ. ಮಾಲೀಕರು ಯಾರು ಎಂಬುದು ಸ್ಪಷ್ಟವಾಗಿರುತ್ತದೆ, ವರದಿಯೂ ಶುದ್ಧವಾಗಿರುತ್ತದೆ.

ನಕ್ಷೆಗೆ ಗೊತ್ತಿಲ್ಲದ ಜಾಗಗಳು

ಡಿಸ್ಕ್‌ಮ್ಯಾಪ್ ಓದುವುದು ಡೈರೆಕ್ಟರಿಯನ್ನು ಮಾತ್ರ. ಡೈರೆಕ್ಟರಿಯಲ್ಲಿ ಇಲ್ಲದ್ದು ಅದರ ಪಾಲಿಗೆ ಖಾಲಿ. ಅನುಭವ ಇರುವವರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಪಿ ತನಗೋಸ್ಕರ ಡಿಸ್ಕ್ ಜಾಗ ಬಳಸುತ್ತದೆ. ಮೆಮೊರಿ ತುಂಬಿದಾಗ ಅದರ ತುಣುಕುಗಳಾದ ಪುಟಗಳನ್ನು ಇಡುವ ಪೇಜ್ ಜಾಗ, ಸ್ಪೂಲ್ ಫೈಲುಗಳ (ಪ್ರಿಂಟ್ ಮುಂತಾದವಕ್ಕೆ ಸರದಿಯಲ್ಲಿ ಕಾಯುವ ಫೈಲುಗಳ) ಜಾಗ, ತಾತ್ಕಾಲಿಕ ಡಿಸ್ಕ್‌ಗಳ ಜಾಗ, ಹತ್ತಿಸಿದ ಡೈರೆಕ್ಟರಿಯೇ ಇರುವ ಜಾಗ. ಯಾವ ಸಿಲಿಂಡರ್ ಯಾವುದಕ್ಕೆ ಎಂಬ ನಕ್ಷೆ ಆ ವಾಲ್ಯೂಮಿನ ಸೊನ್ನೆಯ ಸಿಲಿಂಡರ್‌ನಲ್ಲೇ ಇರುತ್ತದೆ. ಅದನ್ನು ಬರೆಯುವುದು ಸಿಪಿಎಫ್‌ಎಂಟಿಎಕ್ಸ್‌ಎ ಎಂಬ ಕಮಾಂಡ್. ಮಿನಿಡಿಸ್ಕ್‌ಗಳ ಜಾಗ ಅಲ್ಲಿ ಪರ್ಮ್ ಎಂದು ಗುರುತಾಗಿರಬೇಕು.

ಅಂದರೆ ಎರಡು ಲೆಕ್ಕದ ಪುಸ್ತಕ ಆಯಿತು. ಒಂದು ಡೈರೆಕ್ಟರಿ, ಇನ್ನೊಂದು ವಾಲ್ಯೂಮಿನ ಮೇಲಿನ ನಕ್ಷೆ. ಇವೆರಡನ್ನೂ ತಾಳೆ ನೋಡುವ ಜವಾಬ್ದಾರಿ ನಮ್ಮದೇ. ಪೇಜ್ ಎಂದು ಗುರುತಾದ ಜಾಗದ ಮೇಲೆ ಯಾರಿಗಾದರೂ ಮಿನಿಡಿಸ್ಕ್ ಕೊಟ್ಟರೆ ಡಿಸ್ಕ್‌ಮ್ಯಾಪ್ ಅದನ್ನು ತಪ್ಪು ಅನ್ನುವುದಿಲ್ಲ. ಸಿಸ್ಟಮ್ ಮೇಲೆ ಒತ್ತಡ ಬಂದ ದಿನ ಸಿಪಿ ಅಲ್ಲಿ ಪುಟ ಬರೆಯುತ್ತದೆ, ಆ ಮಿನಿಡಿಸ್ಕ್ ಹೋಯಿತು. ಸಿಪಿ ಪುಟ ಬರೆದ ಮೇಲೆ ಮಿನಿಡಿಸ್ಕಿನವರು ಅದರ ಮೇಲೆ ಬರೆದರೆ ಇನ್ನೂ ಕಷ್ಟ. ಬೇರೆ ಯಾವುದೋ ಮಷೀನಿನ ಮೆಮೊರಿಯೇ ಕೆಡುತ್ತದೆ.

ಇದಕ್ಕೆ ಹಿಂದಿನವರು ಒಂದು ಒಳ್ಳೆಯ ಉಪಾಯ ಮಾಡಿದ್ದಾರೆ. ಐಬಿಎಂ ಕೊಡುವ ಮಾದರಿ ಡೈರೆಕ್ಟರಿಯಲ್ಲಿ $ಅಲಾಕ್$, $ಡೈರೆಕ್ಟ್$, $ಪೇಜ್$, $ಸ್ಪೂಲ್$ ಎಂಬ ಹೆಸರಿನ ಮಷೀನ್‌ಗಳು ಇರುತ್ತವೆ. ಅವುಗಳ ಪಾಸ್‌ವರ್ಡ್ ಇರುವ ಕಡೆ ನೋಲಾಗ್ ಎಂದಿರುತ್ತದೆ, ಅಂದರೆ ಯಾರೂ ಲಾಗಾನ್ ಆಗಲಾರರು. ಅವುಗಳ ಹೆಸರಿನಲ್ಲಿ ಸಿಪಿಯ ಜಾಗಗಳನ್ನು ಮಿನಿಡಿಸ್ಕ್ ಎಂದು ಬರೆದಿರುತ್ತಾರೆ. ಹೀಗೆ ಮಾಡಿದರೆ ಡಿಸ್ಕ್‌ಮ್ಯಾಪ್‌ಗೆ ಆ ಜಾಗ ಖಾಲಿ ಅಲ್ಲ ಎಂದು ಗೊತ್ತಾಗುತ್ತದೆ. ಹೊಸಬರು ಇವನ್ನು ಕಂಡು ಹಳೆಯ ಕಸ ಅಂದುಕೊಂಡು ಅಳಿಸಲು ಹೋಗುತ್ತಾರೆ. ಅಳಿಸಬೇಡಿ. ಹೊಸ ವಾಲ್ಯೂಮ್ ಸೇರಿಸಿದಾಗ ಇಲ್ಲೂ ಒಂದು ಸಾಲು ಸೇರಿಸಿ. ಇನ್ನೂ ಒಳ್ಳೆಯದು, ಪೇಜ್‌ಗೆ ಮತ್ತು ಸ್ಪೂಲ್‌ಗೆ ಪ್ರತ್ಯೇಕ ವಾಲ್ಯೂಮ್‌ಗಳನ್ನೇ ಇಡುವುದು. ವೇಗಕ್ಕೂ ಅದೇ ಒಳ್ಳೆಯದು.

ಸೊನ್ನೆಯ ಸಿಲಿಂಡರ್ ಯಾರಿಗೂ ಕೊಡಬಾರದು ಎಂಬ ನಿಯಮವೂ ಇಲ್ಲಿಂದಲೇ ಬಂದದ್ದು. ವಾಲ್ಯೂಮಿನ ಹೆಸರು ಇರುವುದು ಅಲ್ಲಿ. ಯಾರದೋ ಮಿನಿಡಿಸ್ಕ್ ಸೊನ್ನೆಯಿಂದ ಶುರುವಾದರೆ, ಅವರು ಫಾರ್ಮ್ಯಾಟ್ ಮಾಡಿ ತಮ್ಮ ಲೇಬಲ್ ಬರೆದಾಗ ವಾಲ್ಯೂಮಿನ ಹೆಸರೇ ಬದಲಾಗುತ್ತದೆ. ಡೈರೆಕ್ಟರಿ ಹುಡುಕುವುದು ಯುಎಸ್‌ಆರ್001 ಎಂಬ ಹೆಸರನ್ನು. ಮುಂದಿನ ಐಪಿಎಲ್‌ನಲ್ಲಿ, ಅಂದರೆ ಸಿಸ್ಟಮ್ ಮತ್ತೆ ಶುರು ಮಾಡಿದಾಗ, ಆ ಹೆಸರಿನ ವಾಲ್ಯೂಮೇ ಇರುವುದಿಲ್ಲ, ಅದರ ಮೇಲಿದ್ದ ಎಲ್ಲರಿಗೂ ಡಿಸ್ಕ್ ಇಲ್ಲ. ಮಾಡೆಲ್ 9 ಪೂರ್ತಿ ಒಬ್ಬರಿಗೆ ಕೊಡುವುದಾದರೂ 1ರಿಂದ ಶುರುಮಾಡಿ 10,016 ಸಿಲಿಂಡರ್ ಕೊಡಿ.

ಹೆಸರಿನಿಂದಲೇ ಬರುವ ಇನ್ನೊಂದು ತೊಂದರೆ ನಕಲು ವಾಲ್ಯೂಮ್. ಇಡೀ ಡಿಸ್ಕನ್ನು ಕಾಪಿ ಮಾಡಿದರೆ ಲೇಬಲ್ಲೂ ಕಾಪಿ ಆಗುತ್ತದೆ. ಒಂದೇ ಹೆಸರಿನ ಎರಡು ವಾಲ್ಯೂಮ್ ಕಂಡರೆ ಸಿಪಿ ಒಂದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅದು ಹಳೆಯ ಕಾಪಿಯೂ ಆಗಿರಬಹುದು. ಕಾಪಿ ಮಾಡಿದ ಕೂಡಲೇ ಲೇಬಲ್ ಬದಲಿಸಿ ಅಥವಾ ಅದನ್ನು ಆಫ್‌ಲೈನ್ ಇಡಿ.

ಎರಡು ಬೇರೆ ಬೇರೆ ಜೆಡ್/ವಿಎಂ ಸಿಸ್ಟಮ್ ಒಂದೇ ವಾಲ್ಯೂಮ್ ಹಂಚಿಕೊಂಡಿದ್ದರೆ ಇಬ್ಬರದೂ ಬೇರೆ ಬೇರೆ ಡೈರೆಕ್ಟರಿ. ಒಂದರ ವರದಿಯಲ್ಲಿ ಇನ್ನೊಂದರ ಮಿನಿಡಿಸ್ಕ್ ಕಾಣುವುದಿಲ್ಲ. 2011ರಲ್ಲಿ ಜೆಡ್/ವಿಎಂ 6.2ರ ಜೊತೆ ಬಂದ ಎಸ್‌ಎಸ್‌ಐ ಕ್ಲಸ್ಟರ್‌ನಲ್ಲಿ (ಹಲವು ಜೆಡ್/ವಿಎಂ ಸಿಸ್ಟಮ್‌ಗಳು ಒಂದಾಗಿ ನಡೆಯುವ ಗುಂಪು) ಸದಸ್ಯರಿಗೆಲ್ಲ ಒಂದೇ ಮೂಲ ಡೈರೆಕ್ಟರಿ, ಆದ್ದರಿಂದ ಈ ಕಷ್ಟ ಕಡಿಮೆ. ಕ್ಲಸ್ಟರ್ ಇಲ್ಲದವರು ಹಂಚಿಕೊಂಡ ವಾಲ್ಯೂಮ್‌ಗಳ ಲೆಕ್ಕವನ್ನು ಒಂದೇ ಕಡೆ ಇಡಲೇಬೇಕು.

ಡರ್‌ಮೇಂಟ್ ಇದ್ದರೆ

ದೊಡ್ಡ ಕಡೆಗಳಲ್ಲಿ ಡೈರೆಕ್ಟರಿಯನ್ನು ಕೈಯಲ್ಲಿ ತಿದ್ದುವುದಿಲ್ಲ, ಡರ್‌ಮೇಂಟ್ ಎಂಬ ಸಾಫ್ಟ್‌ವೇರ್ ಬಳಸುತ್ತಾರೆ. ಎಕ್ಸ್‌ಟೆಂಟ್ ಕಂಟ್ರೋಲ್ ಎಂಬ ಫೈಲಿನಲ್ಲಿ ಯಾವ ವಾಲ್ಯೂಮಿನ ಯಾವ ಭಾಗ ಹಂಚಲು ಇದೆ ಎಂದು ಬರೆದಿಟ್ಟರೆ, ಎಎಂಡಿಸ್ಕ್ ಕಮಾಂಡ್‌ಗೆ ಆಟೋಜಿ ಎಂದು ಸೇರಿಸಿ ಗುಂಪಿನ ಹೆಸರು ಕೊಟ್ಟರಾಯಿತು. ಖಾಲಿ ಜಾಗ ಅದೇ ಹುಡುಕುತ್ತದೆ. ಮೇಂಟ್‌ನ ಫುಲ್‌ಪ್ಯಾಕ್ ಡಿಸ್ಕ್‌ಗಳನ್ನು ಲೆಕ್ಕದಿಂದ ಬಿಡಲು ಅದೇ ಫೈಲಿನಲ್ಲಿ ಎಕ್ಸ್‌ಕ್ಲೂಡ್ ಭಾಗ ಇದೆ. ಶುರುವಿನ ಸಿಲಿಂಡರ್ ಮನುಷ್ಯರು ಟೈಪ್ ಮಾಡದೇ ಇರುವುದೇ ಇದರ ದೊಡ್ಡ ಲಾಭ. ಆದರೆ ಆ ಫೈಲಿನಲ್ಲಿ ಬರೆದ ಗಡಿಯೇ ತಪ್ಪಿದ್ದರೆ ಡರ್‌ಮೇಂಟ್ ಆ ತಪ್ಪನ್ನೇ ನಂಬುತ್ತದೆ. ಫೈಲ್ ಬದಲಿಸಿದ ಮೇಲೆ ಆರ್‌ಎಲ್‌ಡಿಎಕ್ಸ್‌ಟಿಎನ್ ಕಮಾಂಡ್ ಕೊಟ್ಟು ಅದನ್ನು ಮತ್ತೆ ಓದಿಸುವುದನ್ನೂ ಮರೆಯಬಾರದು.

ಅಳಿಸಿದ ಮಿನಿಡಿಸ್ಕಿನ ಬಗ್ಗೆಯೂ ಒಂದು ಮಾತು. ಡೈರೆಕ್ಟರಿಯಿಂದ ಸಾಲು ತೆಗೆದರೆ ಸಿಲಿಂಡರ್‌ನಲ್ಲಿರುವ ಡೇಟಾ ಹೋಗುವುದಿಲ್ಲ. ಅದೇ ಜಾಗ ಇನ್ನೊಬ್ಬರಿಗೆ ಕೊಟ್ಟರೆ ಹಳೆಯವರ ಡೇಟಾ ಅವರ ಕೈಗೆ ಸಿಗುತ್ತದೆ. ಬ್ಯಾಂಕಿನ ಸಿಸ್ಟಮ್‌ನಲ್ಲಿ ಇದು ಓವರ್‌ಲ್ಯಾಪ್‌ನಷ್ಟೇ ಗಂಭೀರ. ಡರ್‌ಮೇಂಟ್ ಜೊತೆ ಬರುವ ಡೇಟಾಮೂವ್ ಮಷೀನಿಂದ ಒರೆಸಿಕೊಳ್ಳಬಹುದು. ಕೈಯಲ್ಲಿ ಮಾಡುವವರು ಫಾರ್ಮ್ಯಾಟ್ ಮಾಡಿಯೇ ಕೊಡಬೇಕು.

ಓವರ್‌ಲ್ಯಾಪ್ ಸಿಕ್ಕಿಬಿಟ್ಟರೆ

ಮೊದಲ ಕೆಲಸ ಇಬ್ಬರ ಬರವಣಿಗೆಯನ್ನೂ ನಿಲ್ಲಿಸುವುದು. ಎರಡೂ ಮಷೀನನ್ನು ಲಾಗಾಫ್ ಮಾಡಿಸಿ. ಯಾರೂ ಫಾರ್ಮ್ಯಾಟ್ ಮಾಡಬಾರದು, ಫೈಲ್‌ಸಿಸ್ಟಮ್ ರಿಪೇರಿ ಮಾಡಬಾರದು. ರಿಪೇರಿ ಪ್ರೋಗ್ರಾಮ್ ಕೂಡ ಬರೆಯುತ್ತದೆ, ಅದು ಉಳಿದದ್ದನ್ನೂ ಕೆಡಿಸಬಹುದು. ಇದೇ ಹೊತ್ತಿಗೆ ಮ್ಯಾನೇಜರ್ ಫೋನ್ ಮಾಡಿ ಬೇಗ ಬೇಗ ಅನ್ನುತ್ತಿರುತ್ತಾರೆ. ಆದರೂ ನಿಲ್ಲಿಸಿ.

ಆಮೇಲೆ ಡಿಡಿಆರ್ ಎಂಬ ಡಿಸ್ಕ್ ಕಾಪಿ ಉಪಕರಣ ಬಳಸಿ ಇಡೀ ವಾಲ್ಯೂಮನ್ನು ಇದ್ದ ಹಾಗೇ ಇನ್ನೊಂದು ಡಿಸ್ಕಿಗೆ ಕಾಪಿ ತೆಗೆಯಿರಿ, ಅದರ ಲೇಬಲ್ ಬದಲಿಸಿ. ಮುಂದೆ ಏನು ತಪ್ಪಿದರೂ ಇಲ್ಲಿಗೆ ವಾಪಸ್ ಬರಬಹುದು. ಎಷ್ಟು ಸಿಲಿಂಡರ್, ಯಾರ ತಲೆ, ಯಾರ ಬಾಲ ಎಂದು ಡಿಸ್ಕ್‌ಮ್ಯಾಪ್‌ನಿಂದ ಬರೆದುಕೊಳ್ಳಿ. ಬಾಲ ಕಳೆದುಕೊಂಡವರ ಫೈಲುಗಳು ಬಹುಪಾಲು ಉಳಿದಿರುವ ಸಾಧ್ಯತೆ ಇದೆ. ತಲೆ ಕಳೆದುಕೊಂಡವರಿಗೆ ಸಾಮಾನ್ಯವಾಗಿ ಬ್ಯಾಕಪ್ಪೇ ಗತಿ. ಒಬ್ಬರಿಗೆ ಬೇರೆ ವಾಲ್ಯೂಮಿನಲ್ಲಿ ಅಥವಾ ದೊಡ್ಡ ಗ್ಯಾಪ್‌ನಲ್ಲಿ ಹೊಸ ಮಿನಿಡಿಸ್ಕ್ ಮಾಡಿ, ಡೇಟಾ ಅಲ್ಲಿಗೆ ತಂದು, ಡೈರೆಕ್ಟರಿ ತಿದ್ದಿ, ಮತ್ತೆ ಡಿಸ್ಕ್‌ಮ್ಯಾಪ್ ಓಡಿಸಿ, ಆಮೇಲೆ ಇಬ್ಬರನ್ನೂ ಲಾಗಾನ್ ಮಾಡಿಸಿ. ಬ್ಯಾಕಪ್ ಆರಿಸುವಾಗ ದಿನಾಂಕ ನೋಡಿ. ಓವರ್‌ಲ್ಯಾಪ್ ಜೀವಂತ ಆದ ಮೇಲೆ ತೆಗೆದ ಬ್ಯಾಕಪ್‌ನಲ್ಲಿ ಕೆಟ್ಟ ಡೇಟಾವೇ ಇರುತ್ತದೆ.

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಒಮ್ಮೆ ಮಾಡಿ ನೋಡುವುದು ಒಳ್ಳೆಯದು, ಅದೂ ಕಂಪನಿಯ ಸಿಸ್ಟಮ್ ಮೇಲೆ ಅಲ್ಲ. ಹರ್ಕ್ಯುಲಿಸ್ ಎಂಬ ಉಚಿತ ಎಮ್ಯುಲೇಟರ್ ಇದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅದರ ಮೇಲೆ ಹಳೆಯ ವಿಎಂ/370 ಹಾಕಿಕೊಳ್ಳಬಹುದು. ಡಿಸ್ಕಿನ ಜಾತಿ ಬೇರೆ, ಡೈರೆಕ್ಟರಿ ಹತ್ತಿಸುವ ಕಮಾಂಡಿನ ಹೆಸರು ಬರೀ ಡೈರೆಕ್ಟ್, ಆದರೆ ಎಂಡಿಸ್ಕ್ ಸಾಲು ಇದೇ ತರಹ. ನಿಮ್ಮ ಮಷೀನಿಗೆ ಎರಡು ಸಣ್ಣ ಮಿನಿಡಿಸ್ಕ್ ಕೊಟ್ಟು, ಮೊದಲನೆಯದರ ಕೊನೆಯ 5 ಸಿಲಿಂಡರ್ ಎರಡನೆಯದರ ಮೇಲೆ ಬೀಳುವಂತೆ ಬರೆಯಿರಿ. ಎರಡನೆಯದನ್ನು ಫಾರ್ಮ್ಯಾಟ್ ಮಾಡಿ ಒಂದೆರಡು ಫೈಲ್ ಇಡಿ. ಅದನ್ನು ಹಾಗೇ ತೆರೆದಿಟ್ಟು ಮೊದಲನೆಯದನ್ನು ಫಾರ್ಮ್ಯಾಟ್ ಮಾಡಿ. ಈಗ ಎರಡನೆಯದರ ಫೈಲುಗಳ ಪಟ್ಟಿ ಕೇಳಿ, ಎಲ್ಲ ಇದ್ದಂತೆಯೇ ಕಾಣುತ್ತದೆ. ಆಮೇಲೆ ಅದನ್ನು ರಿಲೀಸ್ ಮಾಡಿ, ಮತ್ತೆ ಆಕ್ಸೆಸ್ ಮಾಡಿ ನೋಡಿ.